ನೀಲಿ ಗ್ರಹವೆಂದರೆ ಅಲ್ಲಿ ಸಮುದ್ರ ಇದೆಯೇ?

ಗ್ರಹ ನೀಲಿಯಾಗಿದೆ ಎಂದರೆ ಅಲ್ಲಿ ಭೂಮಿಯಂತೆ ಸಮುದ್ರವಿದೆ ಎಂದು ನಾವು ಊಹಿಸುತ್ತೇವೆ. 2005ರಲ್ಲಿ ಪತ್ತೆಯಾದ ಎಚ್‌ಡಿ 189733 ಬಿ ಈ ಊಹೆಯನ್ನು ಸುಳ್ಳಾಗಿಸುತ್ತದೆ.

ಸುಮಾರು 64 ಜ್ಯೋತಿರ್ವರ್ಷ ದೂರದಲ್ಲಿರುವ ಇದು ಗುರುಗ್ರಹಕ್ಕಿಂತ ತುಸು ದೊಡ್ಡದಾದ ಅನಿಲ ದೈತ್ಯ. ತನ್ನ ನಕ್ಷತ್ರಕ್ಕೆ ತೀರಾ ಹತ್ತಿರವಿದ್ದು, ಸುಮಾರು 2.2 ದಿನಗಳಲ್ಲೇ ಒಂದು ಸುತ್ತು ಮುಗಿಸುತ್ತದೆ. ಹೀಗಾಗಿ ತಾಪಮಾನ ಸುಮಾರು 1,000 ಡಿಗ್ರಿ ಸೆಲ್ಸಿಯಸ್. ನೀರು ಆವಿಯಾಗಿ ಮಾತ್ರ ಇದೆ. ಸಮುದ್ರ ನಿಲ್ಲಲು ಗಟ್ಟಿ ನೆಲವೂ ಇಲ್ಲ.

ಹಾಗಾದರೆ ಈ ನೀಲಿ ಎಲ್ಲಿಂದ ಬಂತು? 2013ರಲ್ಲಿ ಹಬಲ್ ದೂರದರ್ಶಕದಿಂದ ಬಣ್ಣವನ್ನು ಅಳೆದ ವಿಜ್ಞಾನಿಗಳ ಪ್ರಕಾರ, ವಾತಾವರಣದಲ್ಲಿ ತೇಲುವ ಸಿಲಿಕೇಟ್ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ನಾವು ನೋಡುವ ನೀಲಿ ಚಿತ್ರಗಳು ಫೋಟೋಗಳಲ್ಲ, ಕಲಾವಿದರ ಕಲ್ಪನೆ. 'ಮತ್ತೊಂದು ಭೂಮಿ' ಎಂಬ ಸುದ್ದಿ ಬಂದಾಗ ಬಣ್ಣಕ್ಕಿಂತ ಮೊದಲು ತಾಪಮಾನ ಕೇಳೋಣ.