ತೊಡೆ ಮೇಲಿನ ತಲೆ

ಪಟಗಳೂ ಸುಳ್ಳು ಹೇಳುತ್ತವೆ. ಸ್ಟುಡಿಯೋದಲ್ಲಿ ತೆಗೆಸಿದ ಗಂಡಹೆಂಡಿರ ಹಳೇ ಪಟ ನೋಡಿ. ಅವನು ಕುರ್ಚಿ ಮೇಲೆ ಒಡೆಯನ ಹಾಗೆ, ಅವಳು ಪಕ್ಕದಲ್ಲಿ ಆಳಿನ ಹಾಗೆ. ಅಲ್ಲಿ ಕಾಣೋದು ದಾಂಪತ್ಯವಲ್ಲ, ವ್ಯವಸ್ಥೆ. ಜನ ಬದುಕೋ ಜಾಗಕ್ಕೇ ಹೋಗಿ ತೆಗೆದ ಪಟಗಳು ಬೇರೆ ಚರಿತ್ರೆ ಹೇಳುತ್ತವೆ. ಅಮೆರಿಕದ ಎರಡನ್ನು ನೋಡೋಣ. ಎರಡೂ 'ಲೈಫ್' ಪತ್ರಿಕೆಗಾಗಿ ತೆಗೆದವು.

ಮೊದಲನೆಯದು 1956ರದು, ಅಲಬಾಮಾದ ಮೊಬೀಲ್‌ನದು. ತೆಗೆದವನು ಕಪ್ಪು ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್. ವಯಸ್ಸಾದ ಥಾರ್ನ್‌ಟನ್ ದಂಪತಿ ತಮ್ಮ ಮನೆಯ ಸೋಫಾದಲ್ಲಿ ನೆಟ್ಟಗೆ ಕೂತಿದ್ದಾರೆ. ಮೇಲೆ ಗೋಡೆಯಲ್ಲಿ ಹಿರಿಯರ ಪಟ. ನಗು ಇಲ್ಲ, ದೈನ್ಯವೂ ಇಲ್ಲ. ಹೊರಗೆ ಕುಡಿಯೋ ನೀರಿಗೂ 'ಬಿಳಿಯರಿಗೆ', 'ಕರಿಯರಿಗೆ' ಅಂತ ಬೋರ್ಡು. ಒಳಗೆ ಮಾತ್ರ ಇಬ್ಬರೂ ಒಂದೇ ಸಮ. ಇದು ಜೊತೆಯಲ್ಲಿ ತಾಳಿಕೊಂಡು ಮಾನ ಉಳಿಸಿಕೊಂಡವರ ದಾಂಪತ್ಯ.

ಎರಡನೆಯದು 1965ರದು, ವರ್ಜೀನಿಯಾದ್ದು. ತೆಗೆದವನು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗ್ರೇ ವಿಲೆಟ್. ಗಾರೆ ಕೆಲಸದ ಬಿಳಿಯ ರಿಚರ್ಡ್ ಲವಿಂಗ್ ಹೆಂಡತಿ ಮಿಲ್ಡ್ರೆಡ್‌ಳ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಇಬ್ಬರೂ ಟೀವಿ ನೋಡ್ತಾ ನಗ್ತಿದ್ದಾರೆ. ಆಕೆ ಕಪ್ಪು ಹಾಗೂ ಮೂಲನಿವಾಸಿ ವಂಶದವಳು. ಅಷ್ಟಕ್ಕೇ ಈ ನಗು ಅಪರಾಧ!

ಬಿಳಿಯರು ಬೇರೆಯವರನ್ನು ಮದುವೆಯಾಗಕೂಡದು ಅಂತ ಅಲ್ಲಿ 1924ರ ಕಾನೂನು. ಇವರು 1958ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾದರು. ಜುಲೈನಲ್ಲಿ ನಡುರಾತ್ರಿ ಶೆರೀಫ್ ಮಲಗೋ ಕೋಣೆಗೇ ನುಗ್ಗಿದ. ಗೋಡೆ ಮೇಲಿದ್ದ ಮದುವೆ ಸರ್ಟಿಫಿಕೇಟ್ ಇಲ್ಲಿ ನಡೆಯೋಲ್ಲ ಅಂದ. 1959ರಲ್ಲಿ ಒಂದು ವರ್ಷದ ಜೈಲುಶಿಕ್ಷೆ. 25 ವರ್ಷ ಜೋಡಿಯಾಗಿ ಆ ರಾಜ್ಯಕ್ಕೆ ಕಾಲಿಡದಿದ್ದರೆ ಅದು ಅಮಾನತು. ದೇವರೇ ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿಟ್ಟ, ಬೆರೆಯೋದು ಅವನಿಗೆ ಬೇಕಿರಲಿಲ್ಲ ಅಂತ ನ್ಯಾಯಾಧೀಶ 1965ರಲ್ಲಿ ಬರೆದ. ನಮಗಿದು ಹೊಸ ಮಾತೇ? ಬಾಯಿ, ತೋಳು, ತೊಡೆ, ಪಾದದ ಕತೆ ಕೇಳಿ ಕೇಳಿ ಸಾಕಾದವರು ನಾವು.

ಮಿಲ್ಡ್ರೆಡ್ 1963ರಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಒಂದು ಕಾಗದ ಬರೆದಳು. ಹೋರಾಟ ಅಲ್ಲಿಂದ ಕೋರ್ಟು ಹತ್ತಿತು. ನಾನು ನನ್ನ ಹೆಂಡತಿಯನ್ನು ಪ್ರೀತಿಸ್ತೀನಿ ಅಂತ ಕೋರ್ಟಿಗೆ ಹೇಳಿ ಎಂದು ರಿಚರ್ಡ್ ವಕೀಲನಿಗೆ ಹೇಳಿಕಳಿಸಿದ. 1967ರ ಜೂನ್ 12ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಆ ಕಾನೂನನ್ನು ಕಿತ್ತೆಸೆಯಿತು.

ಜಾತಿ ರೋಗಕ್ಕೆ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ವಿಶೇಷ ವಿವಾಹ ಕಾಯಿದೆ 1954ರಲ್ಲೇ ಬಂತು. ಅಲ್ಲಿ ಕಾನೂನೇ ಕೊರಳಿಗೆ ಉರುಲು. ಇಲ್ಲಿ ಕಾನೂನು ಬಿಟ್ಟರೂ ಅಪ್ಪ, ಅಣ್ಣಂದಿರು ಮಚ್ಚು ಹಿಡಿದು ಬರುತ್ತಾರೆ.

ಗೆಳೆಯರೆ, ಜಾತಿ ಮೀರಿದ ಜೋಡಿಯೊಂದು ಭಯವಿಲ್ಲದೆ ಹೀಗೆ ನಕ್ಕ ಪಟ ನಿಮ್ಮೂರಿನ ಯಾವ ಗೋಡೆ ಮೇಲಿದೆ?