ಟ್ರ್ಯಾಕ್ ಕಾರಿನ ವೈರಿಂಗ್ ಸರಳೀಕರಣ

ಟ್ರ್ಯಾಕ್ ಕಾರಿನ ವೈರಿಂಗ್ ಸರಳೀಕರಣ ಎಂದರೆ ರಸ್ತೆಗಾಗಿ ತಯಾರಾದ ಕಾರನ್ನು ರೇಸ್ ಪಥದ ಬಳಕೆಗೆ ಅಣಿಗೊಳಿಸುವಾಗ, ಅದರ ತಂತಿಜಾಲದಿಂದ ಅನಗತ್ಯ ವಿದ್ಯುನ್ಮಂಡಲಗಳನ್ನು ತೆಗೆದು ಉಳಿದವನ್ನು ಮರುಜೋಡಿಸುವ ಕೆಲಸ. ಇದರಿಂದ ತೂಕ ಸ್ವಲ್ಪ ಇಳಿಯುತ್ತದೆಯಾದರೂ ಮುಖ್ಯ ಲಾಭ ಅದಲ್ಲ. ಬಿಸಿ, ಕಂಪನ ಮತ್ತು ತುಕ್ಕಿನಿಂದ ಮೊದಲು ಕೆಡುವುದು ಸಾಮಾನ್ಯವಾಗಿ ತಂತಿಯಲ್ಲ, ಅದರ ತುದಿಯ ಜೋಡಣೆ. ಜೋಡಣೆಗಳು ಕಡಿಮೆಯಾದಷ್ಟೂ ದೋಷಗಳೂ, ಅವನ್ನು ಹುಡುಕುವ ಸಮಯವೂ ಕಡಿಮೆಯಾಗುತ್ತವೆ.

ಉಳಿಯುವ ಮಂಡಲಗಳು

ಎಂಜಿನ್ ನಿಯಂತ್ರಣ ಘಟಕ (ಇಸಿಯು) ಮತ್ತು ಅದರ ಸಂವೇದಕಗಳು, ಇಗ್ನಿಷನ್, ಇಂಧನ ಪಂಪ್, ಸ್ಟಾರ್ಟರ್, ಆಲ್ಟರ್ನೇಟರ್, ರೇಡಿಯೇಟರ್ ಫ್ಯಾನ್ ಮತ್ತು ಬ್ರೇಕ್ ದೀಪಗಳು ಉಳಿಯುತ್ತವೆ. ಆಡಿಯೊ, ಹವಾನಿಯಂತ್ರಣ, ವಿದ್ಯುತ್ ಕಿಟಕಿ, ಬಾಗಿಲಿನ ಬೀಗ ಮುಂತಾದವು ಹೋಗುತ್ತವೆ. ಹೀಟರಿನ ಗಾಳಿಯಂತ್ರವನ್ನು ಅವಸರದಲ್ಲಿ ತೆಗೆದವರು ಮೊದಲ ಮಳೆಯಲ್ಲೇ ಮಂಜು ಕವಿದ ಗಾಜಿನ ಹಿಂದೆ ಕುಳಿತಿರಬೇಕಾಗುತ್ತದೆ. ರಸ್ತೆಯ ನೋಂದಣಿ ಉಳಿಸಿಕೊಳ್ಳುವ ಕಾರಿನಲ್ಲಿ ಹೆಡ್‌ಲೈಟ್, ಇಂಡಿಕೇಟರ್ ಮತ್ತು ಹಾರ್ನ್‌ಗಳನ್ನು ಮುಟ್ಟುವಂತಿಲ್ಲ. ಏರ್‌ಬ್ಯಾಗ್ ಸ್ಫೋಟಕದಿಂದ ಅರಳುವ ಸಾಧನವಾದ್ದರಿಂದ, ಬ್ಯಾಟರಿಯನ್ನು ಬೇರ್ಪಡಿಸಿ ತಯಾರಕರ ಕೈಪಿಡಿ ಹೇಳುವಷ್ಟು ಹೊತ್ತು ಕಾದ ನಂತರವೇ ಅದನ್ನು ಬಿಚ್ಚಬೇಕು.

ಪರಸ್ಪರ ಅವಲಂಬಿತ ಮಂಡಲಗಳು

ಕೆಲಸದ ನಿಜವಾದ ತೊಡಕು ಇಲ್ಲಿದೆ: ಒಂದು ಮಂಡಲವು ಮತ್ತೊಂದನ್ನು ಆಧರಿಸಿರುತ್ತದೆ, ಅದು ಹೊರನೋಟಕ್ಕೆ ತಿಳಿಯುವುದಿಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರ ಮೊದಲ ಪೀಳಿಗೆಯ 1.6 ಲೀಟರ್ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎಂಜಿನ್ ಸೇರುವ ಗಾಳಿಯನ್ನು ಅಳೆಯುವ ಮಾಪಕದೊಳಗೇ ಇಂಧನ ಪಂಪಿನ ಸ್ವಿಚ್ ಇದೆ. ಗಾಳಿಯ ಹರಿವು ಮಾಪಕದ ಫಲಕವನ್ನು ಸರಿಸಿದಾಗ ಪಂಪಿನ ರಿಲೇ ಚಾಲೂ ಆಗಿರುತ್ತದೆ. ಎಂಜಿನ್ ನಿಂತರೆ ಪಂಪ್ ಕೂಡ ನಿಲ್ಲುತ್ತದೆ. ಬೇರೆ ಇಸಿಯು ಅಳವಡಿಸಿ ಈ ಮಾಪಕವನ್ನು ತೆಗೆದರೆ, ಸ್ಟಾರ್ಟರ್ ತಿರುಗುವವರೆಗೆ ಓಡುವ ಪಂಪ್ ಕೀಲಿ ಬಿಟ್ಟೊಡನೆ ನಿಲ್ಲುತ್ತದೆ. ಆ ರಿಲೇಯ ನಿಯಂತ್ರಣವನ್ನು ಹೊಸ ಇಸಿಯುಗೆ ಒಪ್ಪಿಸುವುದು ಸರಿಯಾದ ಪರಿಹಾರ. ಪಂಪನ್ನು ನೇರವಾಗಿ ಇಗ್ನಿಷನ್ ಕೀಲಿಗೆ ಕಟ್ಟುವುದು ಸುಲಭವಾದರೂ, ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಹರಿದ ಕೊಳವೆಯಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಅನೇಕ ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪದ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಆಲ್ಟರ್ನೇಟರನ್ನು ಎಚ್ಚರಿಸುತ್ತದೆ. ದೀಪ ಹೋದರೆ ಚಾರ್ಜಿಂಗ್ ಕೂಡ ಹೋಗಬಹುದು. ಅದರ ಸ್ಥಾನದಲ್ಲಿ ಸೂಕ್ತ ರೋಧಕವನ್ನು ಹಾಕಬೇಕಾಗುತ್ತದೆ. ಕ್ಯಾನ್ ಬಸ್ ಮೂಲಕ ಘಟಕಗಳು ಪರಸ್ಪರ ಸಂದೇಶ ಕಳಿಸುವ ಇತ್ತೀಚಿನ ಕಾರುಗಳಲ್ಲಿ ಸಮಸ್ಯೆ ಇನ್ನೂ ದೊಡ್ಡದು. ನಿರೀಕ್ಷಿತ ಸಂದೇಶ ಬಾರದಿದ್ದರೆ ಎಂಜಿನ್ ತನ್ನ ಶಕ್ತಿಯನ್ನು ಮಿತಗೊಳಿಸಬಹುದು. ಆದ್ದರಿಂದ ತಯಾರಕರ ವಿದ್ಯುತ್ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದು ಮಂಡಲ ತೆಗೆದು, ಎಂಜಿನ್ ಚಾಲೂ ಮಾಡಿ ನೋಡಿ, ನಂತರ ಮುಂದಿನದಕ್ಕೆ ಹೋಗುವುದು ರೂಢಿ.

ತಂತಿ ಮತ್ತು ಜೋಡಣೆ

ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. ಹಾಗಾಗಿ ಅದು ವಿದ್ಯುತ್ ಮೂಲಕ್ಕೆ ಆದಷ್ಟು ಹತ್ತಿರವಿರಬೇಕು. ತಂತಿಯ ದಪ್ಪವನ್ನು ಅದರ ಉದ್ದವನ್ನೂ ಪರಿಗಣಿಸಿ ಆರಿಸಬೇಕು. 1 ಚದರ ಮಿಲಿಮೀಟರಿನ 4 ಮೀಟರ್ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿದರೆ ಸುಮಾರು 0.7 ವೋಲ್ಟ್ ನಷ್ಟವಾಗುತ್ತದೆ. ಬೆಸುಗೆ ಹಾಕಿದ ಜೋಡಣೆಯಲ್ಲಿ ತವರವು ಎಳೆಗಳ ನಡುವೆ ಏರಿ ತಂತಿಯನ್ನು ಪೆಡಸಾಗಿಸುವುದರಿಂದ, ಕಂಪನಕ್ಕೆ ಅದು ಆ ಅಂಚಿನಲ್ಲೇ ತುಂಡಾಗಬಹುದು. ರೇಸ್ ಕಾರುಗಳಲ್ಲಿ ಸರಿಯಾದ ಉಪಕರಣದಿಂದ ಕ್ರಿಂಪ್ ಮಾಡಿದ ಜೋಡಣೆಯನ್ನೇ ಮೆಚ್ಚುವುದು ಇದಕ್ಕಾಗಿ. ಅರ್ಥ್ ತಂತಿಗಳನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಬೇಕು.

ಮುಖ್ಯ ಸ್ವಿಚ್

ಎಫ್‌ಐಎ ನಿಯಮದ ಪ್ರಕಾರ ಮುಖ್ಯ ಸ್ವಿಚ್ ಎಲ್ಲ ಮಂಡಲಗಳನ್ನೂ ಕಡಿದು ಎಂಜಿನ್ನನ್ನೂ ನಿಲ್ಲಿಸಬೇಕು. ಅದು ಕಾರಿನ ಒಳಗಿನಿಂದಲೂ ಹೊರಗಿನಿಂದಲೂ ಕೈಗೆ ಸಿಗಬೇಕು. ಹೊರಗಿನ ಸ್ಥಾನವನ್ನು ಬಿಳಿ ಅಂಚಿನ ನೀಲಿ ತ್ರಿಕೋನದಲ್ಲಿನ ಕೆಂಪು ಮಿಂಚಿನ ಚಿಹ್ನೆಯಿಂದ ಗುರುತಿಸುತ್ತಾರೆ. ತ್ರಿಕೋನದ ಪಾದ ಕನಿಷ್ಠ 12 ಸೆಂಟಿಮೀಟರ್. ಬ್ಯಾಟರಿಯ ತಂತಿಯನ್ನಷ್ಟೇ ಕಡಿದರೆ ಸಾಲದು: ಓಡುತ್ತಿರುವ ಎಂಜಿನ್ನಿಗೆ ಆಲ್ಟರ್ನೇಟರೇ ವಿದ್ಯುತ್ ಒದಗಿಸುತ್ತಿರುತ್ತದೆ. ಇದಕ್ಕಾಗಿ ರೂಪಿಸಿದ ಸ್ವಿಚ್ಚುಗಳಲ್ಲಿ ಇಗ್ನಿಷನ್ ಕಡಿಯಲು ಬೇರೆ ಸಂಪರ್ಕಗಳಿದ್ದು, ಆಲ್ಟರ್ನೇಟರಿನಲ್ಲಿ ಉಳಿದ ವಿದ್ಯುತ್ತನ್ನು ಒಂದು ರೋಧಕದ ಮೂಲಕ ಅರ್ಥಿಗೆ ಹರಿಸಲಾಗುತ್ತದೆ.