ಕಿರ್ದಿಯಿಂದ ನಮೂನೆಗೆ

ನಮ್ಮ ಪೇಟೆಬೀದಿಗಳಲ್ಲಿ ಯಾವುದಾದರೊಂದು ಅಂಗಡಿಯ ಮಹಡಿಯ ಮೇಲೆ, ಕಡಿದಾದ ಮೆಟ್ಟಿಲುಗಳ ತುದಿಯಲ್ಲಿ, ‘ತೆರಿಗೆ ಸಲಹೆಗಾರರು’ ಎಂಬ ಫಲಕ ಕಾಣುವುದುಂಟು. ಒಳಗೆ ಒಂದು ಮೇಜು, ಒಬ್ಬಿಬ್ಬರು ಗುಮಾಸ್ತರು, ದಾರದಿಂದ ಬಿಗಿದ ಕಾಗದದ ಕಟ್ಟುಗಳು. ಅರಸರ ಚರಿತ್ರೆ ಬರೆದವರು ಈ ಮೆಟ್ಟಿಲನ್ನು ಹತ್ತಿದವರಲ್ಲ. ಸರಕಾರಕ್ಕೂ ಸಣ್ಣ ವ್ಯಾಪಾರಿಗೂ ಇರುವ ನಂಟು ಬೆಳೆದ ಬಗೆಯನ್ನು ಅರಿಯಬೇಕಾದರೆ ಮಾತ್ರ ಇಲ್ಲಿಗೇ ಬರಬೇಕು.

ಲೆಕ್ಕ ಬರೆಯುವ ವಿದ್ಯೆ ನಮಗೆ ಆಂಗ್ಲರು ಕಲಿಸಿದ್ದಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು ಮಡಿಸಿದ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದವರು ನಮ್ಮವರು. ಕಾಗದ ಬಂದ ಮೇಲೆ ಕಿರ್ದಿ, ಖಾತೆಗಳು ಬಂದವು. ದಿನದ ಶಿಲ್ಕು ತಾಳೆಯಾಗದೆ ಅಂಗಡಿಯ ಕದ ಮುಚ್ಚುವುದು ಒಳ್ಳೆಯ ವರ್ತಕನಿಗೆ ಒಗ್ಗದ ಮಾತು. ದೀಪಾವಳಿಗೆ ಹೊಸ ಪುಸ್ತಕದ ಪೂಜೆ. ಅಂದಿನಿಂದಲೇ ಹಲವರಿಗೆ ಹೊಸ ವರ್ಷ. ಆ ಪುಸ್ತಕವನ್ನು ಹೊರಗಿನವರು ತೆರೆದು ನೋಡುವ ಪ್ರಸಂಗ ಅಪರೂಪ.

ಆ ಪ್ರಸಂಗವನ್ನು ತಂದದ್ದು ಆದಾಯ ತೆರಿಗೆ. 1857ರ ದಂಗೆಯ ವೆಚ್ಚದಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಇದನ್ನು ಹೇರಿದನು. ಬಂದು, ಹೋಗಿ, ಮತ್ತೆ ಬಂದ ಈ ತೆರಿಗೆಗೆ 1922ರ ಕಾಯಿದೆ ಭದ್ರವಾದ ರೂಪ ಕೊಟ್ಟಿತು. ಆ ಕಾಯಿದೆಯಲ್ಲಿ ಒಂದು ಸೌಜನ್ಯವಿತ್ತು: ವರ್ತಕನು ಎಂದಿನಂತೆ ಅನುಸರಿಸಿದ ಪದ್ಧತಿಯಲ್ಲೇ ಲೆಕ್ಕವಿಡಬಹುದು, ತನ್ನ ವರ್ಷವನ್ನು ದೀಪಾವಳಿಗೇ ಮುಗಿಸಬಹುದು. ಒಂದು ಕಾಠಿಣ್ಯವೂ ಇತ್ತು. ಲೆಕ್ಕ ತೋರಿಸದಿದ್ದರೆ ಅಧಿಕಾರಿಯು ತನ್ನ ವಿವೇಚನೆಯಿಂದ ಕಟ್ಟಿದ ಅಂದಾಜೇ ಆದಾಯವೆನಿಸುತ್ತಿತ್ತು! ಅಧಿಕಾರಿಯೆದುರು ತನ್ನ ಪರವಾಗಿ ಮಾತನಾಡಲು ಪ್ರತಿನಿಧಿಯನ್ನು ಕಳುಹಿಸಲು ಅದೇ ಕಾಯಿದೆ ಅವಕಾಶವಿತ್ತಿತು. ನಮ್ಮ ಮಹಡಿಯ ಕಚೇರಿಯ ಬೀಜ ಇಲ್ಲಿದೆ.

ಬೀಜ ಮೊಳೆತದ್ದು ಮಾರಾಟ ತೆರಿಗೆಯಿಂದ. ಆದಾಯ ತೆರಿಗೆ ಎಷ್ಟೋ ಚಿಲ್ಲರೆ ಅಂಗಡಿಗಳನ್ನು ಮುಟ್ಟುತ್ತಿರಲಿಲ್ಲ. ಮಾರಾಟ ತೆರಿಗೆಯಾದರೋ ಲಾಭವನ್ನು ಕೇಳುವುದಿಲ್ಲ, ವಹಿವಾಟನ್ನು ಕೇಳುತ್ತದೆ. ಮದರಾಸು ಪ್ರಾಂತದಲ್ಲಿದ್ದ ಮಂಗಳೂರಿಗೆ ಇದು 1939ರಲ್ಲೇ ಬಂದಿತು. ಮೈಸೂರು ಸಂಸ್ಥಾನದ ಕಾಯಿದೆ 1948ರದು. ರಾಜ್ಯ ಒಂದಾದ ಮೇಲೆ 1957ರಲ್ಲಿ ಎಲ್ಲ ಪ್ರದೇಶಗಳಿಗೂ ಒಂದೇ ಕಾಯಿದೆಯಾಯಿತು. ಕನ್ನಡದಲ್ಲಿ ಕಿರ್ದಿ ಬರೆಯುವವನ ವ್ಯಾಪಾರವನ್ನು ಇಂಗ್ಲಿಷಿನ ನಮೂನೆಗೆ ಇಳಿಸುವ ಮಧ್ಯಸ್ಥನೊಬ್ಬ ಬೇಕಾದನು. ಅವನು ಅಂಗಡಿಯನ್ನು ಬಲ್ಲವನು: ಮಳೆಗಾಲದಲ್ಲಿ ವ್ಯಾಪಾರ ಏಕೆ ಕುಗ್ಗಿತು, ಯಾವ ಬಾಕಿ ಎಂದೂ ವಸೂಲಾಗದು ಎಂಬುದನ್ನು ಅಧಿಕಾರಿಗೆ ತಿಳಿಯಹೇಳಬಲ್ಲವನು. ಎರಡು ಬಗೆಯ ಪುಸ್ತಕ ಇಡುವುದನ್ನು ಕಲಿಸಿಕೊಟ್ಟವರೂ ಈ ವೃತ್ತಿಯಲ್ಲಿ ಇಲ್ಲದಿಲ್ಲ. ಅದನ್ನು ಮರೆಮಾಚಿ ಚರಿತ್ರೆ ಬರೆಯಲಾಗದು.

1989–90ನೆಯ ಅಸೆಸ್‌ಮೆಂಟ್ ವರ್ಷದಿಂದ ಕಾನೂನು ತನ್ನ ಹಳೆಯ ಸೌಜನ್ಯವನ್ನು ಹಿಂತೆಗೆದುಕೊಂಡಿತು. ಎಲ್ಲರ ವರ್ಷವೂ ಮಾರ್ಚ್ 31ಕ್ಕೇ ಮುಗಿಯಬೇಕಾಯಿತು. ದೀಪಾವಳಿಯ ಪುಸ್ತಕಪೂಜೆ ಉಳಿಯಿತು, ಅದರ ಲೆಕ್ಕದ ಬಲ ಹೋಯಿತು. 2005ರಲ್ಲಿ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಂದು ಜಿಎಸ್‌ಟಿ. ವರ್ಷಕ್ಕೊಮ್ಮೆ ಕಟ್ಟು ಹೊತ್ತು ಮೆಟ್ಟಿಲೇರುತ್ತಿದ್ದ ವರ್ತಕ ಈಗ ಏರುವುದೇ ವಿರಳ. ಬಿಲ್ಲುಗಳ ಚಿತ್ರ ಫೋನಿನಲ್ಲಿ ಬರುತ್ತದೆ. ವಿವರಪಟ್ಟಿ ಸಿದ್ಧವಾದಾಗ ವರ್ತಕನ ಫೋನಿಗೆ ಓಟಿಪಿ ಬರುತ್ತದೆ. ಮಹಡಿಯಿಂದ ಕರೆ ಮಾಡಿ ಕೇಳುತ್ತಾರೆ. ಅವನು ತಕ್ಕಡಿಯಿಂದ ಕಣ್ಣೆತ್ತಿ, ಪಟ್ಟಿಯಲ್ಲಿ ಏನಿದೆಯೆಂದು ಕೇಳದೆ, ಅಂಕೆಗಳನ್ನು ಓದಿ ಹೇಳುತ್ತಾನೆ.